ಬರ್ತೀನಿ ಅಂದ ಮೇಲೆ ಬರಬೇಕು

ತಿಂಗಳ ಒಂದನೇ ತಾರೀಕು ಬೆಳಗಿನ ಜಾವ ಚಿಲಮತ್ತೂರಿನ ಯಾವುದಾದರೂ ಬೀದಿಯಲ್ಲಿ ನಡೆದು ನೋಡಿ. ಇನ್ನೂ ಪೂರಾ ಬೆಳಕು ಹರಿದಿರುವುದಿಲ್ಲ, ಆಗಲೇ ವಯಸ್ಸಾದವರ ಮನೆ ಬಾಗಿಲು ತೆರೆದಿರುತ್ತದೆ. ಅಂಗಳಕ್ಕೆ ನೀರು ಚೆಲ್ಲಿ, ಎರಡೆಳೆ ರಂಗೋಲಿ ಬಿಟ್ಟು, ತಲೆ ಬಾಚಿಕೊಂಡು ಅವ್ವಂದಿರು ಜಗಲಿ ಮೇಲೆ ಕೂತಿರುತ್ತಾರೆ. ತಾತಂದಿರು ಹೆಗಲಿಗೆ ಒಗೆದ ಟವೆಲ್ ಹಾಕಿಕೊಂಡು ಬೀದಿಯ ತುದಿಯನ್ನೇ ನೋಡುತ್ತಿರುತ್ತಾರೆ. ಹೊಸಬರು ನೋಡಿದರೆ ಊರಲ್ಲಿ ಏನೋ ಹಬ್ಬ ಎಂದುಕೊಳ್ಳಬೇಕು. ಹಬ್ಬವಲ್ಲ, ಪಿಂಚಣಿ ದಿನ.

ಆಂಧ್ರದಲ್ಲಿ ವೃದ್ಧಾಪ್ಯ ಪಿಂಚಣಿ ಈಗ ತಿಂಗಳಿಗೆ 4,000 ರೂಪಾಯಿ. 2024ರ ಜುಲೈ ಒಂದರಿಂದ ಈ ಲೆಕ್ಕ. ಗ್ರಾಮ ಸಚಿವಾಲಯದ ಸಿಬ್ಬಂದಿ ಮನೆ ಬಾಗಿಲಿಗೇ ಬಂದು ನಗದು ಕೊಟ್ಟು ಹೋಗುತ್ತಾರೆ. ನಮ್ಮ ಬಾಗೇಪಲ್ಲಿ ಕಡೆಯವರಿಗೆ ಸಂಧ್ಯಾ ಸುರಕ್ಷಾ ಹಣ 1,200 ರೂಪಾಯಿ. ಗಡಿಯಲ್ಲಿ ಇರುವವರು ನಾವು, ಆ ಕಡೆ ಎಷ್ಟು ಈ ಕಡೆ ಎಷ್ಟು ಎಂದು ಕೂಡಿ ಕಳೆಯುವುದು ನಮಗೆ ಅಭ್ಯಾಸ. ಟೀ ಅಂಗಡಿಯಲ್ಲಿ ಈ ಲೆಕ್ಕ ಸಾವಿರ ಸಲ ಆಗಿದೆ. ಆ ಲೆಕ್ಕಕ್ಕೆ ಸಿಗದ ಒಂದು ಸಂಗತಿ ಇದೆ. ಅದನ್ನು ಹೇಳುವುದಕ್ಕೇ ಈ ಬರಹ.

ನಾನು ಬಾಗೇಪಲ್ಲಿ ಕಡೆಯ ಒಬ್ಬ ಸಣ್ಣ ಹುಣಸೆಹಣ್ಣಿನ ವ್ಯಾಪಾರಿ. ಹಳ್ಳಿಗಳಲ್ಲಿ ಮರ ಗುತ್ತಿಗೆ ಹಿಡಿದು, ಹಣ್ಣು ಉದುರಿಸಿ, ಬೀಜ ತೆಗೆಸಿ ಹಿಂದೂಪುರದ ಮಾರ್ಕೆಟ್ಟಿಗೆ ಹಾಕುತ್ತೇನೆ. ಚಿಲಮತ್ತೂರಿನ ಒಬ್ಬ ಅವ್ವನ ಹೊಲದ ಬದುವಿನಲ್ಲಿ ಎರಡು ಮರ ಇದ್ದವು. ಹತ್ತು ವರ್ಷ ಅವುಗಳ ಗುತ್ತಿಗೆ ನನ್ನದೇ. ಆದ್ದರಿಂದ ಅವ್ವನ ಪರಿಚಯ. ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ಮಗ, ಸೊಸೆ, ಮೊಮ್ಮಕ್ಕಳು ಬೆಂಗಳೂರಿನಲ್ಲಿ. ಮಗ ಕೆಟ್ಟವನೇನಲ್ಲ. ಹಬ್ಬಕ್ಕೆ ಬರುತ್ತಾನೆ, ಆಗಾಗ ಫೋನ್ ಮಾಡುತ್ತಾನೆ. ಅವ್ವನಿಗೆ ಅನ್ನಕ್ಕೆ ಕೊರತೆಯಿಲ್ಲ, ಬಟ್ಟೆಗೆ ಕೊರತೆಯಿಲ್ಲ. ಕೊರತೆ ಇದ್ದದ್ದು ಮಾತಿಗೆ.

ಬೆರಳು ಸವೆದವರ ಮಾತು

ಅವ್ವನ ಬೀದಿಯಲ್ಲಿ ಒಬ್ಬ ಹುಡುಗಿ ವಾಲಂಟೀರ್ ಆಗಿದ್ದಳು. ಆಂಧ್ರದಲ್ಲಿ 2019ರ ಆಗಸ್ಟ್ 15ರಂದು ಶುರುವಾದ ವ್ಯವಸ್ಥೆ ಅದು. ಹಳ್ಳಿಯಲ್ಲಿ ಸುಮಾರು 50 ಮನೆಗೆ ಒಬ್ಬರು, ತಿಂಗಳಿಗೆ 5,000 ರೂಪಾಯಿ ಗೌರವಧನ. 2020ರಿಂದ ಪಿಂಚಣಿ ಹಣವನ್ನು ಇವರೇ ಮನೆಮನೆಗೆ ಕೊಂಡೊಯ್ದು ಕೊಡತೊಡಗಿದರು.

ಹಣ ಕೊಡಬೇಕಾದರೆ ಬೆರಳಚ್ಚು ಯಂತ್ರದ ಮೇಲೆ ಬೆರಳು ಒತ್ತಿಸಬೇಕು. ನಮ್ಮ ಕಡೆಯ ಮುದುಕಿಯರ ಬೆರಳು ನಿಮಗೆ ಗೊತ್ತಲ್ಲ. ವರ್ಷಾನುಗಟ್ಟಲೆ ಹುಣಸೆಹಣ್ಣು ಕುಟ್ಟಿ, ಕಡಲೆಕಾಯಿ ಸುಲಿದು, ಗೆರೆಯೆಲ್ಲ ಸವೆದು ನುಣ್ಣಗಾಗಿರುತ್ತದೆ. ಯಂತ್ರ ಒಂದೇ ಸಲಕ್ಕೆ ಒಪ್ಪುವುದಿಲ್ಲ. ಬೆರಳು ಒರೆಸು, ಒತ್ತು. ಆಗಲಿಲ್ಲವಾ, ಇನ್ನೊಂದು ಬೆರಳು. ಅದೂ ಆಗಲಿಲ್ಲವಾ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡೋಣ. ಆ ಸ್ವಲ್ಪ ಹೊತ್ತಿನಲ್ಲೇ ಮಾತು ಹುಟ್ಟುತ್ತಿತ್ತು. ಮೊಣಕಾಲು ನೋವು, ಮಗನ ಫೋನು, ರಾತ್ರಿ ನಿದ್ದೆ ಬಾರದ್ದು, ಪಕ್ಕದ ಮನೆ ಕೋಳಿ ಬಂದು ಒಣಹಾಕಿದ ರಾಗಿ ಕೆದಕಿದ್ದು, ಎಲ್ಲವೂ ಬರುತ್ತಿತ್ತು.

ಆ ಹುಡುಗಿ ಒಂದು ಸಲ ನನಗೆ ಹೇಳಿದಳು: “ಅಣ್ಣಾ, ಮಿಷನ್ ಬೇಗ ಒಪ್ಪಿಕೊಂಡ್ರೆ ಕೆಲವು ಅವ್ವಂದಿರ ಮುಖ ಸಪ್ಪಗಾಗ್ತದೆ. ಅಷ್ಟು ಬೇಗ ಹೊರಟ್ಯಾ ಅಂತಾರೆ.”

2024ರಲ್ಲಿ ಚುನಾವಣೆ ಬಂತು. ಮಾರ್ಚ್ ಕೊನೆಗೆ ಚುನಾವಣಾ ಆಯೋಗ ವಾಲಂಟೀರ್‌ಗಳ ಕೈಯಿಂದ ಹಣ ಹಂಚಿಸಬಾರದು ಎಂದು ಸೂಚಿಸಿತು. ಆ ಬೇಸಿಗೆಯಲ್ಲಿ ನಡೆಯಬಲ್ಲವರು ಸಚಿವಾಲಯಕ್ಕೆ, ಆಮೇಲೆ ಬ್ಯಾಂಕಿಗೆ ಹೋದರು. ಸರ್ಕಾರ ಬದಲಾಯಿತು. ಜುಲೈ ಒಂದರಂದು ರಾಜ್ಯದಲ್ಲಿ ಸುಮಾರು 65 ಲಕ್ಷ ಜನರಿಗೆ ಪಿಂಚಣಿ ಮತ್ತೆ ಮನೆ ಬಾಗಿಲಿಗೆ ಬಂತು, ತಂದವರು ಸಚಿವಾಲಯದ ಸಿಬ್ಬಂದಿ. ವಾಲಂಟೀರ್ ಕೆಲಸ ಮುಂದುವರಿಯಲಿಲ್ಲ. ಯಾವ ಪಕ್ಷ ಸರಿ ಯಾವುದು ತಪ್ಪು ಎಂಬ ಚರ್ಚೆ ನನಗೆ ಬೇಡ. ಅದಕ್ಕೆ ಟೀ ಅಂಗಡಿ ಇದೆ. ನಾನು ಹೇಳಬೇಕಾದ್ದು ಆ ಹುಡುಗಿಯ ಕಥೆ.

ಗೌರವಧನ ನಿಂತಿತು. ಅವಳು ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದಳು. ಆದರೆ ಭಾನುವಾರ ಭಾನುವಾರ ತನ್ನ ಹಳೇ 50 ಮನೆಗಳಲ್ಲಿ ಒಂಟಿಯಾಗಿದ್ದ ಆರು ಮನೆಗೆ ಹೋಗುವುದನ್ನು ಬಿಡಲಿಲ್ಲ. ಕೈಯಲ್ಲಿ ಯಂತ್ರವಿಲ್ಲ, ಹಣವಿಲ್ಲ. ಹೋಗುತ್ತಾಳೆ, ಕೂರುತ್ತಾಳೆ, ಮಾತಾಡಿ ಬರುತ್ತಾಳೆ. ಸಂಬಳ ಇದ್ದಾಗ ಹೆಸರಿಗೆ ವಾಲಂಟೀರ್ ಆಗಿದ್ದವಳು ಸಂಬಳ ನಿಂತ ಮೇಲೆ ನಿಜವಾದ ವಾಲಂಟೀರ್ ಆದಳು ಅನ್ನಿಸಿತು ನನಗೆ.

ಒಂದು ದಿನ ಅವಳೇ ಕೇಳಿದಳು: “ಅಣ್ಣಾ, ನೀವು ವಾರವಾರ ಈ ದಾರೀಲೇ ಹಿಂದೂಪುರಕ್ಕೆ ಹೋಗ್ತೀರಿ. ಅವ್ವನ ಮನೆ ಹತ್ರ ಒಂದು ಅರ್ಧ ಗಂಟೆ ನಿಲ್ಲೋಕೆ ಆಗಲ್ವಾ? ನನಗೆ ಆರೂ ಮನೆ ಪೂರೈಸಲ್ಲ.” ಇಲ್ಲ ಅನ್ನುವುದಕ್ಕೆ ಬಾಯಿ ಬರಲಿಲ್ಲ. ಹೀಗೆ ನಾನು ಗುರುವಾರದ ನೆಂಟನಾದೆ.

ಒಂಟಿತನ ಎಲ್ಲಿಂದ ಬಂತು?

ಮೊದಲ ಎರಡು ವಾರ ಏನು ಮಾತಾಡಬೇಕೋ ತಿಳಿಯಲಿಲ್ಲ. “ಊಟ ಆಯ್ತಾ ಅವ್ವಾ?” “ಆಯ್ತು ನಾಯನಾ.” “ಆರೋಗ್ಯ ಹೇಗಿದೆ?” “ಹಿಂಗೇ ಐತೆ.” ಅಲ್ಲಿಗೆ ಮುಗಿಯಿತು. ವ್ಯಾಪಾರ ಇಲ್ಲದ ಕಡೆ ಕೂತು ಮಾತಾಡಿ ನನಗೆ ರೂಢಿಯೇ ಇರಲಿಲ್ಲ.

ಮೂರನೇ ವಾರ ಗಾಡಿಯಲ್ಲಿ ಬೀಜ ತೆಗೆಯದ ಹುಣಸೆಹಣ್ಣಿತ್ತು. ಸುಮ್ಮನೆ ಒಂದು ಮೊರದಷ್ಟು ತಂದು ಅವ್ವನ ಮುಂದಿಟ್ಟೆ. “ಈ ಸಲದ ಮಾಲು ಹೇಗಿದೆ ನೋಡು ಅವ್ವಾ” ಅಂದೆ. ಅವ್ವ ಒಂದು ಹಣ್ಣು ಮುರಿದು, ಮೂಸಿ, ನಾರು ಎಳೆದು ನೋಡಿದಳು. “ಇದು ಕರಿಪುಳಿಗೆ ಹೋಗಲ್ಲ, ಫ್ಲವರ್‌ಗೇ ಹಾಕು” ಎಂದು ತೀರ್ಪು ಕೊಟ್ಟಳು. ಕೈ ತಾನಾಗಿಯೇ ಕಲ್ಲು ಹುಡುಕಿತು. ಕುಟ್ಟುತ್ತಾ ಕುಟ್ಟುತ್ತಾ ಮಾತು ಶುರುವಾಯಿತು. ಆ ದಿನ ಅರ್ಧ ಗಂಟೆ ಹೋಗಿ ಎರಡು ಗಂಟೆಯಾಯಿತು.

ಆವತ್ತು ನನಗೆ ಒಂದು ವಿಷಯ ಹೊಳೆಯಿತು. ನಮ್ಮ ಹಿರಿಯರಿಗೆ ಹಿಂದೆ ಜೊತೆ ಸಿಗುತ್ತಿದ್ದದ್ದು ಕೆಲಸದಿಂದ. ಮಾತಾಡುವುದಕ್ಕೆಂದೇ ಯಾರೂ ಯಾರ ಮನೆಗೂ ಹೋಗುತ್ತಿರಲಿಲ್ಲ. ಕಡಲೆಕಾಯಿ ಬಿಡಿಸುವಾಗ ಬೀದಿಯ ಹೆಂಗಸರೆಲ್ಲ ಒಂದು ಅಂಗಳದಲ್ಲಿ. ಬಿತ್ತನೆ ಬೀಜ ಸುಲಿಯುವಾಗ ದೀಪದ ಬೆಳಕಿನಲ್ಲಿ ನಡುರಾತ್ರಿಯವರೆಗೆ ಮಾತು. ರೇಷ್ಮೆ ಹುಳ ಸಾಕುವ ಮನೆಯಲ್ಲಂತೂ ಸೊಪ್ಪು ತರುವವರು, ಹಾಕುವವರು, ಚಂದ್ರಿಕೆ ಎತ್ತಿಡುವವರು ಎಂದು ಸದಾ ಜನ. ಮಾತು ಕೆಲಸದ ಜೊತೆಗೆ ಬಂದುಬಿಡುತ್ತಿತ್ತು.

ಆಮೇಲೆ ಸುಲಿಯುವ ಯಂತ್ರ ಬಂತು. ಮಳೆ ಕೈಕೊಟ್ಟು ಕಡಲೆಕಾಯಿ ಬೆಳೆ ಮೇಲಿಂದ ಮೇಲೆ ಹೋಯಿತು. ಬೋರ್‌ವೆಲ್ ಬತ್ತಿದವು. ಅನಂತಪುರ ಸೀಮೆಯ ಬರದ ಕಥೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ. 2022ರ ಏಪ್ರಿಲ್‌ನಲ್ಲಿ ಈ ಭಾಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಆದರೆ ಜಿಲ್ಲೆಯ ಹೆಸರು ಬದಲಾದರೆ ಮಳೆ ಬದಲಾಗುತ್ತದೆಯೇ? ಕೊಡಿಕೊಂಡ ಚೆಕ್‌ಪೋಸ್ಟಿನಲ್ಲಿ ನಿಂತರೆ ಹೈದರಾಬಾದ್ ಹೆದ್ದಾರಿಯ ಬಸ್ಸು ಸಿಗುತ್ತದೆ, ಬೆಂಗಳೂರು ದೂರವಲ್ಲ. ಹುಡುಗರು ಹೊರಟರು. ಪೆನುಕೊಂಡದ ಹತ್ತಿರ ಕಿಯಾ ಕಾರು ಕಾರ್ಖಾನೆ 2019ರಲ್ಲಿ ಉತ್ಪಾದನೆ ಆರಂಭಿಸಿದ ಮೇಲೆ ಕೆಲವರು ಆ ಕಡೆಗೂ ಹೋದರು. ಹೋದವರದ್ದು ತಪ್ಪಲ್ಲ, ಹೊಟ್ಟೆಪಾಡು. ಉಳಿದವರು ಮುದುಕರು. ಕೆಲಸ ಹೋದಾಗ ಕೂಲಿ ಹೋಯಿತು ಎಂದು ನಾವು ಲೆಕ್ಕ ಹಾಕಿದೆವು. ಜೊತೆಗೆ ಮಾತೂ ಹೋಯಿತು ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ನಾನು ಮಾಡಿದ ತಪ್ಪು

ನಾಲ್ಕೈದು ತಿಂಗಳು ಚೆನ್ನಾಗಿಯೇ ನಡೆಯಿತು. ಮಾರ್ಚ್ ಬಂತು. ಹುಣಸೆ ವ್ಯಾಪಾರಿಗೆ ಮಾರ್ಚ್ ಅಂದರೆ ಮದುವೆ ಮನೆ ಇದ್ದ ಹಾಗೆ. ಆ ಗುರುವಾರ ಮಾರ್ಕೆಟ್ಟಿನಲ್ಲಿ ರೇಟು ಚೆನ್ನಾಗಿದೆ ಎಂದು ಸುದ್ದಿ ಬಂತು. ಬೇರೆ ದಾರಿಯಲ್ಲಿ ನೇರ ಹಿಂದೂಪುರಕ್ಕೆ ಹೋದೆ. ಮಾಲು ಇಳಿಸಿ, ತೂಕ ಮಾಡಿಸಿ, ದಲ್ಲಾಳಿಯ ಹತ್ತಿರ ಚೀಟಿ ತೆಗೆದುಕೊಳ್ಳುವಷ್ಟರಲ್ಲಿ ರಾತ್ರಿಯಾಯಿತು. ಅವ್ವನ ನೆನಪಾಯಿತು. ಒಂದು ವಾರ ತಾನೇ, ಮುಂದಿನ ವಾರ ಹೋದರಾಯಿತು ಅಂದುಕೊಂಡೆ.

ಮುಂದಿನ ಗುರುವಾರ ಹೋದಾಗ ಪಕ್ಕದ ಮನೆಯವರು ಬೀದಿಯಲ್ಲೇ ನಿಲ್ಲಿಸಿ ಹೇಳಿದರು. ಹೋದ ವಾರ ಅವ್ವ ಇಬ್ಬರಿಗೆ ಆಗುವಷ್ಟು ಮುದ್ದೆ ಮಾಡಿದ್ದಳಂತೆ, ಹುರುಳಿಕಾಳು ಸಾರು ಮಾಡಿದ್ದಳಂತೆ. ತಾನು ಒಂದು ಹೊತ್ತು ಮಾತ್ರ ಒಲೆ ಹಚ್ಚುವವಳು. ಸಂಜೆ ದೀಪ ಹಚ್ಚುವ ತನಕ ಉಣ್ಣದೆ ಕಾದಳಂತೆ. “ಊಟ ಮಾಡು ಅಂದ್ರೆ, ಬರ್ತೀನಿ ಅಂದವ್ನೆ ಬರ್ತಾನೆ ಅಂತ ಕೂತ್ಕಂಡಿದ್ಲು” ಅಂದರು.

ನಾನು ಒಳಗೆ ಹೋದೆ. ಅವ್ವ ಬೈಯಲಿಲ್ಲ. “ವಚ್ಚಿನಾವಾ ನಾಯನಾ? ಕೂಚೋ” ಅಂದಳು. ಆಮೇಲೆ ಕನ್ನಡದಲ್ಲಿ, “ಮಾರ್ಕೆಟ್ ಜೋರಾ?” ಎಂದು ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಬೈದವಳು ಆ ಹುಡುಗಿ. “ಅಣ್ಣಾ, ಹೋಗೋದಾದ್ರೆ ಬಿಡದೆ ಹೋಗಿ. ಆಗಲ್ಲ ಅಂದ್ರೆ ಶುರುನೇ ಮಾಡ್ಬೇಡಿ. ಯಾರೂ ಬರ್ದೇ ಇದ್ರೆ ಅವ್ರಿಗೆ ಅಭ್ಯಾಸ ಆಗಿರ್ತದೆ. ಬರ್ತೀನಿ ಅಂದು ಬರ್ದೇ ಇದ್ರೆ ಅಭ್ಯಾಸ ಆಗಲ್ಲ.” ವಯಸ್ಸಿನಲ್ಲಿ ನನ್ನ ಮಗಳಷ್ಟು. ಹೇಳಿದ್ದು ಮಾತ್ರ ಸರಿಯಾಗಿಯೇ ಇತ್ತು. ವ್ಯಾಪಾರದಲ್ಲಿ ಮಾತು ತಪ್ಪಿದರೆ ಮಾರ್ಕೆಟ್ಟಿನಲ್ಲಿ ಹೆಸರು ಹೋಗುತ್ತದೆ ಎಂದು ನನಗೆ ಗೊತ್ತು. ಒಬ್ಬ ಮುದುಕಿಗೆ ಕೊಟ್ಟ ಮಾತಿಗೂ ಅದೇ ತೂಕ ಎಂಬುದು ಗೊತ್ತಿರಲಿಲ್ಲ.

ದೇಶ ದೇಶಗಳ ಕಾಯಿಲೆ

ಇದು ನಮ್ಮ ಬರಗಾಲದ ಸೀಮೆಯ ಕಥೆ ಮಾತ್ರ ಅಂದುಕೊಳ್ಳಬೇಡಿ. ದುಡ್ಡಿರುವ ಬ್ರಿಟನ್ 2018ರಲ್ಲಿ ಒಂಟಿತನದ ವಿಷಯ ನೋಡಿಕೊಳ್ಳಲೆಂದೇ ಒಬ್ಬ ಮಂತ್ರಿಯನ್ನು ನೇಮಿಸಿತು. 2021ರಲ್ಲಿ ಜಪಾನೂ ಹಾಗೇ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೊರತಂದ ವರದಿಯ ಪ್ರಕಾರ ಪ್ರಪಂಚದಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನದ ಬಾಧೆ ಇದೆ. ಅದು ಮನಸ್ಸಿಗೆ ಮಾತ್ರವಲ್ಲ, ಹೃದಯಕ್ಕೂ ಮೆದುಳಿಗೂ ಕೇಡು ಎಂದು ಡಾಕ್ಟರುಗಳು ಹೇಳುತ್ತಿದ್ದಾರೆ.

ನಮ್ಮ ದೇಶದಲ್ಲಿ 2011ರ ಜನಗಣತಿಯ ಹೊತ್ತಿಗೇ 60 ದಾಟಿದವರು ಹತ್ತು ಕೋಟಿಗೂ ಹೆಚ್ಚು. ಬೆಂಗಳೂರಿನಲ್ಲಿ ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ 2002ರಲ್ಲಿ ಹಿರಿಯರಿಗಾಗಿ 1090 ಸಹಾಯವಾಣಿ ಆರಂಭಿಸಿದರು. 2021ರಲ್ಲಿ ದೇಶಕ್ಕೆಲ್ಲ ಒಂದೇ ನಂಬರಾಗಿ 14567 ಬಂತು. ‘ಎಲ್ಡರ್ ಲೈನ್’ ಎಂದು ಅದರ ಹೆಸರು. ಪುಕ್ಕಟೆ ಕರೆ. ಪಿಂಚಣಿ, ಕಾನೂನು, ಕಿರುಕುಳ ಇಂಥ ವಿಷಯಕ್ಕಲ್ಲದೆ ಮನಸ್ಸಿನ ಬೇಗುದಿ ಹೇಳಿಕೊಳ್ಳುವುದಕ್ಕೂ ಮಾಡಬಹುದು. ಮುಂಬೈಯಲ್ಲಿ 2022ರಲ್ಲಿ ರತನ್ ಟಾಟಾ ಅವರ ಬೆಂಬಲದಿಂದ ‘ಗುಡ್‌ಫೆಲೋಸ್’ ಎಂಬ ಸಂಸ್ಥೆ ಶುರುವಾಯಿತು. ಓದಿದ ಹುಡುಗ ಹುಡುಗಿಯರು ಹಿರಿಯರ ಮನೆಗೆ ಹೋಗಿ ಜೊತೆ ಕೊಡುತ್ತಾರೆ. ಅಲ್ಲಿ ಅದಕ್ಕೆ ಶುಲ್ಕ ಉಂಟು. ಪಟ್ಟಣದಲ್ಲಿ ಜೊತೆಗೂ ದರ ಕಟ್ಟುವ ಕಾಲ ಬಂದಿದೆ.

ಕಾನೂನೂ ಇದೆ. 2007ರ ಕಾಯ್ದೆಯಡಿ ನೋಡಿಕೊಳ್ಳದ ಮಕ್ಕಳಿಂದ ತಂದೆ ತಾಯಿ ಜೀವನಾಂಶ ಕೇಳಬಹುದು. ನಮ್ಮಲ್ಲಿ ಉಪವಿಭಾಗಾಧಿಕಾರಿ, ಆಂಧ್ರದಲ್ಲಿ ಆರ್‌ಡಿಒ ಅದರ ವಿಚಾರಣೆ ನಡೆಸುತ್ತಾರೆ. ಆದರೆ ಕಾನೂನು ಹಣ ಕೊಡು ಎನ್ನಬಹುದು. ವಾರಕ್ಕೊಮ್ಮೆ ಹೋಗಿ ಪಕ್ಕದಲ್ಲಿ ಕೂತು ಮಾತಾಡು ಎಂದು ಯಾವ ಅಧಿಕಾರಿಯೂ ಆಜ್ಞೆ ಮಾಡಲಾರ.

ಹೋಗುವವರಿಗೆ ನಾಲ್ಕು ಮಾತು

ನಾನು ಪೆಟ್ಟು ತಿಂದು ಕಲಿತದ್ದು, ಆ ಹುಡುಗಿ ಹೇಳಿಕೊಟ್ಟದ್ದು ಇಷ್ಟು.

ದಿನ ಗೊತ್ತು ಮಾಡಿಕೊಳ್ಳಿ. ಪುರುಸೊತ್ತು ಆದಾಗ ಬರ್ತೀನಿ ಅನ್ನಬೇಡಿ. ಗುರುವಾರ ಅಂದರೆ ಗುರುವಾರ. ಅವರಿಗೆ ನೀವು ಬರುವ ಅರ್ಧ ಗಂಟೆಯಷ್ಟೇ ಸಂತೋಷವಲ್ಲ, ಬುಧವಾರದಿಂದಲೇ ಸಂತೋಷ ಶುರುವಾಗಿರುತ್ತದೆ. ಬರಲು ಆಗದಿದ್ದರೆ ಪಕ್ಕದ ಮನೆಗೆ ಫೋನ್ ಮಾಡಿಯಾದರೂ ಮೊದಲೇ ತಿಳಿಸಿ.

ನಿಂತುಕೊಂಡು ಮಾತಾಡಬೇಡಿ, ಕೂತುಕೊಳ್ಳಿ. ಬೆಳಕು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ಎದುರಿಗೆ ಕೂರಿ. ಕಿವಿ ಮಂದವಾದವರು ತುಟಿ ನೋಡಿ ಮಾತು ಹಿಡಿಯುತ್ತಾರೆ. ಕಿರುಚಬೇಕಿಲ್ಲ, ನಿಧಾನ ಸಾಕು. ಹೇಳಿದ್ದನ್ನೇ ಹೇಳಿದರೆ ‘ಹೋದ ವಾರ ಹೇಳಿದ್ರಿ’ ಅನ್ನಬೇಡಿ.

ಕೊಡುವುದಕ್ಕಿಂತ ಕೇಳಿ ಪಡೆಯಿರಿ. ಹಣ್ಣು ಬಿಸ್ಕತ್ತು ತಂದು ಕೊಟ್ಟು ಹೋದರೆ ನೀವು ದಾನಿ, ಅವರು ಭಿಕ್ಷುಕರು ಎಂದಾಗುತ್ತದೆ. ಉಪ್ಪಿನಕಾಯಿಗೆ ಉಪ್ಪು ಎಷ್ಟು, ಆ ಕಾಲದಲ್ಲಿ ಯಾವ ಮಳೆಗೆ ಯಾವ ಬಿತ್ತನೆ ಎಂದು ಕೇಳಿ. ಒಂದು ಮೊರ ಹಣ್ಣು ಮುಂದಿಡಿ. ಅವರು ಕೊಟ್ಟ ಮಜ್ಜಿಗೆ ಬೇಡ ಅನ್ನದೆ ಕುಡಿಯಿರಿ.

ಇನ್ನು ಕೊನೆಯದು. ಜಮೀನು, ಒಡವೆ, ಪಿಂಚಣಿ ದುಡ್ಡಿನ ವಿಷಯ ಎತ್ತಬೇಡಿ. ಮಗ ಸೊಸೆಯ ಜಗಳದಲ್ಲಿ ಪಂಚಾಯ್ತಿ ಮಾಡಬೇಡಿ. ನೀವು ಹೋಗುವುದು ಅವರ ಮಕ್ಕಳಿಗೆ ಗೊತ್ತಿರಲಿ. ನಾನು ಅವ್ವನ ಮಗನಿಗೆ ಮೊದಲೇ ಫೋನ್ ಮಾಡಿ ಹೇಳಿದ್ದೆ. ಮೊದಲು ಅನುಮಾನಪಟ್ಟ. ಈಗ ಅವನೇ ಗುರುವಾರ ರಾತ್ರಿ ಫೋನ್ ಮಾಡಿ, “ಅಣ್ಣಾ, ಅಮ್ಮ ಹೆಂಗವ್ಳೆ?” ಎಂದು ಕೇಳುತ್ತಾನೆ.

ನನ್ನ ಅವ್ವ

ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿ. ಕನ್ನಡದ ಎಷ್ಟೋ ಊರುಗಳಲ್ಲಿ ಅವ್ವ ಅಂದರೆ ಹೆತ್ತ ತಾಯಿ. ಗಡಿಯಲ್ಲಿ ಇರುವ ನಮಗೆ ಎರಡೂ ಗೊತ್ತು. ಒಂದು ಗುರುವಾರ ಹಣ್ಣು ಕುಟ್ಟುತ್ತಾ ಅವ್ವ ಕೇಳಿದಳು: “ನಿಮ್ಮಮ್ಮ ಇದಾರಾ ನಾಯನಾ?”

ಇದ್ದಾರೆ ಅಂದೆ. ಗೌರಿಬಿದನೂರು ತಾಲ್ಲೂಕಿನ ನಮ್ಮ ಊರಿನಲ್ಲಿ ಒಬ್ಬರೇ ಇದ್ದಾರೆ. ಮನೆ ಬಿಟ್ಟು ಬರಲ್ಲ ಅಂತಾರೆ, ಎಮ್ಮೆ ಇದೆ ಅಂತಾರೆ. ದಿನಾ ಫೋನ್ ಮಾಡ್ತೀನಿ.

“ಏನು ಮಾತಾಡ್ತೀಯ?” ಅಂದಳು.

ಯೋಚಿಸಿದೆ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ. ಎರಡು ಪ್ರಶ್ನೆ ಕೇಳಿ ಇಟ್ಟುಬಿಡುತ್ತಿದ್ದೆ. ಅವ್ವ ಮತ್ತೇನೂ ಹೇಳಲಿಲ್ಲ, ಹಣ್ಣು ಕುಟ್ಟುತ್ತಲೇ ಇದ್ದಳು. ಬೇರೆಯವರ ತಾಯಿಗೆ ವಾರಕ್ಕೆ ಎರಡು ಗಂಟೆ ಕೊಡುತ್ತಿದ್ದ ನಾನು ನನ್ನ ತಾಯಿಗೆ ದಿನಕ್ಕೆ ಎರಡು ನಿಮಿಷವನ್ನೂ ಕೊಟ್ಟಿರಲಿಲ್ಲ.

ಆ ಭಾನುವಾರ ಊರಿಗೆ ಹೋದೆ. ಹಬ್ಬವಲ್ಲ, ಜಾತ್ರೆಯಲ್ಲ, ಸುಮ್ಮನೆ ಬಂದ ಮಗನನ್ನು ನೋಡಿ ಅಮ್ಮ ಗಾಬರಿಯಾದರು. ಒಳಗೆ ಕರೆದು ಮೆಲ್ಲಗೆ ಕೇಳಿದರು: “ಯಾಕೋ, ದುಡ್ಡೇನಾದ್ರೂ ಬೇಕಿತ್ತಾ?”

ಏನಿಲ್ಲಮ್ಮ, ಸುಮ್ನೆ ಬಂದೆ ಅಂದೆ. ಅವರು ನಂಬಲಿಲ್ಲ. ಎರಡನೇ ಭಾನುವಾರವೂ ಪೂರ್ತಿ ನಂಬಲಿಲ್ಲ. ನಾಲ್ಕನೇ ಭಾನುವಾರ ಹೋದಾಗ ಜಗಲಿ ಮೇಲೆ ನನಗೊಂದು ಚಾಪೆ ಹಾಸಿತ್ತು. ಪಕ್ಕದಲ್ಲಿ ಮೊರದ ತುಂಬ ಬಿಡಿಸಬೇಕಾದ ಕಡಲೆಕಾಯಿ.

ಈಗ ನನಗೆ ವಾರದಲ್ಲಿ ಎರಡು ದಿನ ಗೊತ್ತಾಗಿವೆ. ಗುರುವಾರ ಚಿಲಮತ್ತೂರು, ಭಾನುವಾರ ಅಮ್ಮ. ವ್ಯಾಪಾರಕ್ಕೆ ಅದರಿಂದ ನಷ್ಟವೇನೂ ಆಗಿಲ್ಲ. ನಿಮ್ಮ ಬೀದಿಯಲ್ಲೂ ಅಂಥ ಒಂದು ಮನೆ ಇದ್ದೇ ಇರುತ್ತದೆ. ಸರ್ಕಾರದ ಹಣ ಯಾರ ಕೈಯಿಂದಲಾದರೂ ಒಂದನೇ ತಾರೀಕು ಬರಲಿ. ಉಳಿದ ಇಪ್ಪತ್ತೊಂಬತ್ತು ದಿನದಲ್ಲಿ ಒಂದು ದಿನ ನೀವು ಹೋಗಿ. ಬರ್ತೀನಿ ಅಂದ ಮೇಲೆ ಮಾತ್ರ, ದಯವಿಟ್ಟು, ಬನ್ನಿ.